ಶುಕ್ರವಾರದ ಟಿಕ್ಕುಗಳು

9 ಜನವರಿ, ಸೋಮವಾರ

ಎರಡು ಕೇಸು. ಮೊದಲನೇದು ಬೈಪಾಸ್, ಎರಡನೇದು ವಾಲ್ವ್. ಎರಡೂ ಸಲೀಸು. ಪಂಪ್ ಮೇಲೆ ಒಟ್ಟು ಮೂರು ಗಂಟೆ ಐವತ್ತು ನಿಮಿಷ. ಬೆನ್ನು ಹಿಡ್ಕೊಂಡಿದೆ.

ಥಿಯೇಟರಿಗೆ ಹೊಸ ನರ್ಸ್ ಬಂದಿದಾಳೆ. ಬಾಯ್ತುಂಬ ಪ್ರಶ್ನೆ. ಹೃದಯ ನಿಲ್ಲಿಸಿದಾಗ ರಕ್ತ ಎಲ್ಲಿಗೆ ಹೋಗುತ್ತೆ ಮೇಡಂ? ನನ್ನ ಪಂಪಿಗೆ ಅಂದೆ. ಹೃದಯದ ಕೆಲಸ, ಶ್ವಾಸಕೋಶದ ಕೆಲಸ ಎರಡೂ ಅಷ್ಟು ಹೊತ್ತು ನಂದೇ. ಅದಕ್ಕೇ ನನ್ನ ಹೆಸರು ಇಲ್ಲಿ ಪಂಪಮ್ಮ. ಮತ್ತೆ ಮೂಲೇಲಿರೋ ಆ ಫ್ರಿಜ್ಜು? ಫ್ರಿಜ್ಜಲ್ಲಮ್ಮ, ಹೀಟರ್-ಕೂಲರ್. ಒಳಗೊಂದು ನೀರಿನ ತೊಟ್ಟಿ. ಆ ನೀರು ಪೈಪಲ್ಲಿ ಸುತ್ತಿ ರಕ್ತಾನ ತಣ್ಣಗೆ ಮಾಡುತ್ತೆ, ಕೊನೇಲಿ ಬೆಚ್ಚಗೆ ಮಾಡುತ್ತೆ. ಎರಡರ ಮಧ್ಯೆ ಗೋಡೆ. ನೀರು ರಕ್ತಾನ ಮುಟ್ಟೋದೇ ಇಲ್ಲ. ಮುನಿಸಿಕೊಂಡ ಅತ್ತೆ ಸೊಸೆ ಥರ — ಒಂದೇ ಮನೆ, ಮಾತಿಲ್ಲ. ನಕ್ಕಳು.

ನೀರು ಕಮ್ಮಿ ಅಂತ ಕೆಂಪು ದೀಪ. ಸಿಂಕಿನ ನಲ್ಲಿಯಿಂದಲೇ ಒಂದು ಜಗ್ ಸುರಿದೆ. ಫಿಲ್ಟರ್ ನೀರಿಗೆ ಎರಡು ಮಹಡಿ ಇಳೀಬೇಕು, ಮುಂದಿನ ಕೇಸು ಬಾಗಿಲಲ್ಲೇ ಇತ್ತು. ಹೋದ ಶುಕ್ರವಾರದ ತೊಟ್ಟಿ ಕ್ಲೀನಿಂಗ್ ಶೀಟಿಗೆ ಟಿಕ್ ಹಾಕಿರಲಿಲ್ಲ. ಹಾಕಿದೆ.

ವಾರ್ಡಲ್ಲಿ ಬಡಗಿ ಕಂಡರು. ಒಂದೂಮುಕ್ಕಾಲು ವರ್ಷದ ಹಿಂದೆ ನಮ್ಮಲ್ಲೇ ವಾಲ್ವ್ ಹಾಕಿಸಿಕೊಂಡವರು. ಮರೆಯೋ ಹಾಗಿಲ್ಲ. ಆವತ್ತು ಸ್ಟ್ರೆಚರ್ ಮೇಲೆ ಮಲಗಿಕೊಂಡೇ "ಈ ಥಿಯೇಟರ್ ಬಾಗಿಲು ಇಳಿಬಿದ್ದಿದೆಯಲ್ಲ, ಯಾರು ಕೂರಿಸಿದ್ದು?" ಅಂತ ಕೇಳಿದ್ರು. ಈಗ ಕೆನ್ನೆ ಒಳಗೆ ಹೋಗಿದೆ. ನಾಲ್ಕು ತಿಂಗಳಿಂದ ಜ್ವರ ಬಂದು ಬಂದು ಹೋಗುತ್ತಂತೆ.

15 ಜನವರಿ, ಭಾನುವಾರ

ಅಕ್ಕನ ಮನೆ. ತೂಕ ಆರು ಕೆಜಿ ಇಳಿದಿದೆ ಅಂತ ಅವಳಿಗೆ ಹಿಗ್ಗೋ ಹಿಗ್ಗು. ಬೆಲ್ಟಿಗೆ ಎರಡು ಹೊಸ ತೂತು. "ಡಯಟ್ಟಿಲ್ಲ, ವಾಕಿಂಗಿಲ್ಲ, ನೋಡು ಹೇಗಿದೀನಿ. ಹೊಸ ವಾಲ್ವ್ ಹಾಕಿಸಿದ್ದಕ್ಕೆ ಮೈಲೇಜ್ ಜಾಸ್ತಿ ಆಗಿದೆ!" ಹದಿನೆಂಟು ವರ್ಷದಿಂದ ಹೆಂಗಸರಿಗೆ ಕಾರು ಕಲಿಸ್ತಾಳೆ. ಮಾತೆಲ್ಲ ಗೇರು, ಕ್ಲಚ್ಚು.

ಭಾವ ನಗಲಿಲ್ಲ. ನಾನು ಹೊರಡೋವಾಗ ಗೇಟಿನ ಹತ್ರ ಬಂದ್ರು. "ಮಧ್ಯಾಹ್ನ ಮಲಗಿದ್ರೂ ದಿಂಬು ಒದ್ದೆ ಮಾಡ್ತಾಳೆ. ನಿಮ್ಮ ಸರ್‌ನ ಒಂದು ಮಾತು ಕೇಳಿ ನೋಡು."

ವಯಸ್ಸು ಭಾವ, ಮುಟ್ಟು ನಿಲ್ಲೋ ಕಾಲ ಅಂದೆ.

20 ಜನವರಿ, ಶುಕ್ರವಾರ

ಬಡಗಿ ವಿಷಯಕ್ಕೆ ಮೀಟಿಂಗ್. ವಾಲ್ವಿನ ಅಂಚಲ್ಲಿ ಏನೋ ಅಲ್ಲಾಡ್ತಿದೆ ಎಕೋದಲ್ಲಿ. ಚಿಕ್ಕದು, ಅಕ್ಕಿಕಾಳಷ್ಟು. ವಾಲ್ವಿಗೆ ಇನ್ಫೆಕ್ಷನ್ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಯಾವ ಕ್ರಿಮಿ? ಮೂರು ಸಲ ರಕ್ತ ಕಳಿಸಿದ್ರು, ಮೂರು ಸಲವೂ ಲ್ಯಾಬ್ ಐದು ದಿನ ಕಾದು "ಏನೂ ಬೆಳೆದಿಲ್ಲ" ಅಂತು. ಆಂಟಿಬಯೋಟಿಕ್ ನೀರಿನ ಥರ ಹರಿಸಿದ್ದಾರೆ. ಜ್ವರ ಜಗ್ಗಿಲ್ಲ.

ಲ್ಯಾಬ್ ಮೇಡಂ ಮೂಲೇಲಿ ಕೂತಿದ್ರು. ಮೆಲ್ಲಗೆ ಮಾತಾಡ್ತಾರೆ, ಎಲ್ಲರೂ ಬಗ್ಗಿ ಕೇಳಬೇಕು. "ಬೆಳೆದಿಲ್ಲ ಅಂದ್ರೆ ಇಲ್ಲ ಅಂತಲ್ಲ. ನಿಧಾನಕ್ಕೆ ಬೆಳೆಯೋ ಜಾತಿ ಇರಬಹುದು. ಬೇರೆ ಬಾಟಲಲ್ಲಿ ಆರು ವಾರ ಇಡ್ತೀನಿ."

"ಆರು ವಾರ!" ದೊಡ್ಡ ಸರ್. ನಮ್ಮ ಸರ್ಜನ್ ಅವರು, ಆರು ನಿಮಿಷ ಕಾಯೋ ಜಾಯಮಾನ ಅಲ್ಲ. "ಅಷ್ಟು ಹೊತ್ತಿಗೆ ಅವನೇ ಒಂದು ಬಾಗಿಲು ಮಾಡಿ ಕೂರಿಸಿರ್ತಾನೆ ಬಿಡಿ." ಎಲ್ಲರೂ ನಕ್ಕರು. ನಾನೂ.

ಸಂಜೆಗೆ ಇನ್ನೊಂದು ಕೇಸು ಸೇರಿಸಿದ್ರು. ತೊಟ್ಟಿಗೆ ಮದ್ದು ಹಾಕಿ ತೊಳೆಯೋಕೆ ಮೂರು ಗಂಟೆ ಬೇಕು. ಯಾರ ಹತ್ರ ಇದೆ ಮೂರು ಗಂಟೆ? ಟಿಕ್.

24 ಫೆಬ್ರವರಿ, ಶುಕ್ರವಾರ

ಒಂದು ತಿಂಗಳು ಬರೆದಿಲ್ಲ. ಕೇಸು, ಮನೆ, ಕೇಸು.

ಲ್ಯಾಬ್ ಮೇಡಂ ಬಾಟಲು ಮೂವತ್ತೈದನೇ ದಿನಕ್ಕೆ ಬೆಳೀತು! ಕೆಂಪು ಕಡ್ಡಿ ಥರದ ಕ್ರಿಮಿ. ಕ್ಷಯದ ಕುಲ ಅಂದ್ರು. ತಕ್ಷಣ ಎಲ್ಲರೂ ಕ್ಷಯ, ಕ್ಷಯ ಅಂತ ಮಾತ್ರೆ ಶುರು ಮಾಡಿಸಿದ್ರು. ಮೇಡಂ ಮಾತ್ರ ಬಾಟಲನ್ನ ಬೆಳಕಿಗೆ ಹಿಡ್ಕೊಂಡು ತಲೆ ಅಲ್ಲಾಡಿಸ್ತಿದ್ರಂತೆ. ಕ್ಷಯದ ಟೆಸ್ಟ್ ಇಲ್ಲ ಅಂತಿದೆ. ಅದೇ ಕುಲ, ಆದ್ರೆ ಅದಲ್ಲ. ದೊಡ್ಡ ಲ್ಯಾಬಿಗೆ ಕಳಿಸಿದಾರೆ.

6 ಮಾರ್ಚ್, ಸೋಮವಾರ

ಬಡಗಿ ಹೆಂಡತಿ ಲಿಫ್ಟಲ್ಲಿ ಸಿಕ್ಕಿದ್ರು. ಮಾತ್ರೆ ಹಿಡಿಸ್ತಿಲ್ಲ. ಈಗ ಕಣ್ಣು ಮಂಜು ಅಂತಾರಂತೆ. ಕಣ್ಣಿನ ಡಾಕ್ಟರ್ ಒಳಗೆ ದೀಪ ಬಿಟ್ಟು ನೋಡಿದ್ರೆ ಹಿಂದಿನ ಪರದೆ ಮೇಲೆ ಸಣ್ಣ ಸಣ್ಣ ಮಾಸಲು ಚುಕ್ಕೆ. "ಹೃದಯದ್ದು ಕಣ್ಣಿಗೆ ಯಾಕೆ ಬಂತಮ್ಮ?" ರಕ್ತದಲ್ಲಿ ಹೋಗುತ್ತೆ ಅಂತ ಹೇಳಬಹುದಿತ್ತು. ಗೊತ್ತಿಲ್ಲ ಅಂದೆ.

ಅಕ್ಕ ಫೋನ್ ಮಾಡಿದ್ಲು. ಕಲಿಯೋ ಹುಡುಗಿ ಸಿಗ್ನಲ್ಲಲ್ಲಿ ನಿಲ್ಲಿಸಲಿಲ್ಲ. ಅಕ್ಕನ ಕಾಲ ಕೆಳಗೂ ಒಂದು ಬ್ರೇಕ್ ಇದೆ. ಒತ್ತೋಕೆ ಹೋದ್ಲಂತೆ, ಕಾಲಲ್ಲಿ ಬಲವೇ ಬರಲಿಲ್ಲ. ಮುಂದಿನ ವ್ಯಾನಿಗೆ ಗುದ್ದಿದ್ರು. ಯಾರಿಗೂ ಏನೂ ಆಗಿಲ್ಲ. "ಹದಿನೆಂಟು ವರ್ಷದಲ್ಲಿ ಇದೇ ಮೊದಲು ಕಣೇ" ಅಂದ್ಲು. ದನಿ ಸಣ್ಣಗಿತ್ತು.

20 ಮಾರ್ಚ್, ಸೋಮವಾರ

ಹೆಸರು ಬಂತು. ಉದ್ದದ್ದು. ನಮ್ಮ ಯಾರ ಬಾಯಿಗೂ ಹೊರಳಲಿಲ್ಲ. ಅಪರೂಪದ್ದು. ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ಮಣ್ಣಲ್ಲಿ, ನೀರಲ್ಲಿ ಇರುತ್ತೆ.

ಮಧ್ಯಾಹ್ನ ಎರಡಕ್ಕೆ ಲ್ಯಾಬ್ ಮೇಡಂ ಥಿಯೇಟರಿಗೇ ಬಂದ್ರು. ಟೋಪಿ, ಮಾಸ್ಕ್, ದೊಗಳೆ ಚಪ್ಪಲಿ. ಈ ಕಡೆ ತಲೆ ಹಾಕಿದವರೇ ಅಲ್ಲ. ಮಧ್ಯೆ ನಿಂತು ಸುತ್ತ ನೋಡಿದ್ರು. "ಎದೆ ತೆರೆದಿರೋವಾಗ ಈ ರೂಮಲ್ಲಿ ನೀರು ಎಲ್ಲೆಲ್ಲಿರುತ್ತೆ?"

"ಎಲ್ಲೂ ಇಲ್ಲ," ದೊಡ್ಡ ಸರ್. "ಕೈ ತೊಳೆಯೋ ಸಿಂಕ್ ಹೊರಗಿದೆ. ಒಳಗೆ ಬರೋ ಹನಿಹನಿಯೂ ಸ್ಟೆರೈಲ್."

ಮೇಡಂ ಒಬ್ಬೊಬ್ಬರ ಮುಖ ನೋಡಿದ್ರು. ಅರಿವಳಿಕೆ ಡಾಕ್ಟರ್ ಇಲ್ಲ ಅಂದ್ರು. ಹೊಸ ನರ್ಸ್ ನನ್ನ ಕಡೆ ತಿರುಗಿದ್ಲು. ನಾನು ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ, ಅಷ್ಟೇ. ಕುಂಬಳಕಾಯಿ ಕಳ್ಳ ನಾನೇ.

ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಅದರ ಫ್ಯಾನ್ ಗುಂಯ್ ಅಂತಿತ್ತು.

ಇಲ್ಲ ಅಂದೆ.

22 ಮಾರ್ಚ್

ಬರೆಯೋಕೇನಿಲ್ಲ.

24 ಮಾರ್ಚ್, ಶುಕ್ರವಾರ. ಮಧ್ಯಾಹ್ನ 1.15

ಎಲ್ಲರೂ ಊಟಕ್ಕೆ ಹೋಗಿದ್ರು. ಹೀಟರ್-ಕೂಲರ್ ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಎರಡು ಜಂಗು ಹಿಡಿದಿತ್ತು.

ತೊಟ್ಟಿಯೊಳಗೆ ಕೈ ಹಾಕಿದೆ. ಗ್ಲೌಸ್ ಮೇಲೂ ಗೊತ್ತಾಯ್ತು — ಲೋಳೆ. ಗೋಡೆ ಪೂರ್ತಿ. ಹಾಲಿನ ಕೆನೆಯಷ್ಟು ದಪ್ಪ, ಮಾಸಲು ಬಣ್ಣ. ಬೆರಳಲ್ಲಿ ಕೆರೆದ್ರೆ ಪದರ ಪದರವಾಗಿ ಏಳುತ್ತೆ. ನೀರು ರಕ್ತಾನ ಮುಟ್ಟಲ್ಲ, ನಿಜ. ಆದ್ರೆ ತೊಟ್ಟಿ ಮುಚ್ಚಳದ ಸಂದಿಯಿಂದ ಆವಿ ಏಳುತ್ತೆ, ಫ್ಯಾನ್ ಅದನ್ನ ಎಳೆದು ಹೊರಗೆ ಊದುತ್ತೆ. ಜಾಗ ಸಾಲದು ಅಂತ ಅದನ್ನ ತಿರುಗಿಸಿ ಇಟ್ಟವಳು ನಾನು. ಗಾಳಿ ನೇರ ಟೇಬಲ್ ಕಡೆಗೆ. ತೆರೆದ ಎದೆ ಕಡೆಗೆ.

ಬಡಗಿ ಆ ಟೇಬಲ್ ಮೇಲೆ ಎರಡು ಗಂಟೆ ಹತ್ತು ನಿಮಿಷ. ಪ್ರತಿ ಕೇಸಿನ ಹೆಸರು, ಹೊತ್ತು ಬರೆದಿಡೋ ನನ್ನ ಪಂಪ್ ಪುಸ್ತಕ ತೆಗೆದು ನೋಡಿದೆ.

ಅದಾದ ಮೇಲೆ ನಲವತ್ತು ಪುಟ ಮುಂದೆ ಅಕ್ಕನ ಹೆಸರು. ಎರಡು ಗಂಟೆ ಐವತ್ತೈದು ನಿಮಿಷ. ನನ್ನದೇ ಅಕ್ಷರ. ಬೇರೆ ಆಸ್ಪತ್ರೆಗೆ ಹೋಗ್ತೀನಿ ಅಂದವಳನ್ನ ಹಟ ಹಿಡಿದು ಕರ್ಕೊಂಡು ಬಂದಿದ್ದೆ. ನಮ್ಮಲ್ಲೇ ಮಾಡಿಸು, ಪಂಪ್ ನಾನೇ ನೋಡ್ಕೋತೀನಿ, ಇನ್ನೇನು ಬೇಕು ನಿಂಗೆ — ಅಂತ.

ಸ್ಕ್ರೂ ವಾಪಸ್ ಹಾಕೋವಾಗ ಒಂದು ಕೈಜಾರಿ ಎಲ್ಲೋ ಹೋಯ್ತು. ಸಿಗಲಿಲ್ಲ.

26 ಮಾರ್ಚ್, ಭಾನುವಾರ

ಅಕ್ಕ ಸೋಫಾ ಮೇಲೆ ಮಲಗಿದ್ಲು. ನಾನು ಬಂದೆ ಅಂತ ಏಳೋಕೆ ಹೋಗಿ ಕೂತ್ಲು. ಹಣೆ ಮುಟ್ಟಿದೆ. ಸುಡ್ತಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಎಷ್ಟು ದಿನದಿಂದ?"

"ಬರುತ್ತೆ, ಹೋಗುತ್ತೆ. ಸಾಯಂಕಾಲದ ಬಸ್ಸಿನ ಥರ, ಕರೆಕ್ಟ್ ಟೈಮಿಗೆ."

"ಕಣ್ಣು?"

"ಕಣ್ಣಿಗೇನಾಗಿದೆ? ಚೆನ್ನಾಗಿ ಕಾಣುತ್ತೆ. ನಿನ್ನ ಮುಖ ಬಿಳಿಚಿಕೊಂಡಿರೋದೂ ಕಾಣ್ತಿದೆ. ಏನಾಗಿದೆ ನಿಂಗೆ?"

ಭಾವ ಅಡುಗೆಮನೆ ಬಾಗಿಲಲ್ಲಿ ಪಾತ್ರೆ ಒರೆಸ್ತಾ ನಿಂತಿದ್ರು. ಒರೆಸಿದ್ದನ್ನೇ ಒರೆಸ್ತಿದ್ರು.

27 ಮಾರ್ಚ್, ಸೋಮವಾರ

ಬೆಳಿಗ್ಗೆ ಲ್ಯಾಬ್ ಮೇಡಂ ಹತ್ರ ಹೋಗಿ ನೀರಿನ ತೊಟ್ಟಿ ಇದೆ ಅಂದೆ. ಅವರು ಬೈಯಲಿಲ್ಲ. "ಮೊನ್ನೆ ನೀವು ನನ್ನ ಮುಖ ನೋಡಲಿಲ್ಲ. ಕಾಯ್ತಿದ್ದೆ," ಅಂದ್ರು. ಹತ್ತಿಕಡ್ಡಿ, ಕ್ರಿಮಿ ಬೆಳೆಸೋ ಪ್ಲೇಟು ತಗೊಂಡು ಬಂದ್ರು. ಲೋಳೆ ತೆಗೆದ್ರು. ಫ್ಯಾನ್ ಮುಂದೆ ಪ್ಲೇಟ್ ತೆರೆದು ಹಿಡಿದ್ರು. ಅದು ಬೆಳೆಯೋಕೂ ವಾರಗಟ್ಟಲೆ ಬೇಕು.

ನಾಲ್ಕಕ್ಕೆ ಮೀಟಿಂಗ್. ಥಿಯೇಟರ್ ಮುಚ್ಚಿ, ಹಳೇ ಪೇಷಂಟುಗಳನ್ನೆಲ್ಲ ಕರೆಸಿ ಅಂದ್ರು ಮೇಡಂ. ದೊಡ್ಡ ಸರ್ ಕೆರಳಿದ್ರು. "ಪ್ಲೇಟ್ ಬೆಳೆಯೋ ಮುಂಚೆನೇ? ಲಿಸ್ಟಲ್ಲಿ ಹನ್ನೊಂದು ಜನ ಕಾಯ್ತಿದಾರೆ, ಅವರು ಸಾಯಲಿ ಅಂತೀರಾ?" ಕ್ಲೀನಿಂಗ್ ಫೈಲ್ ತರಿಸಿದ್ರು. ಹಾಳೆ ಮೇಲೆ ಹಾಳೆ ತಿರುವಿದ್ರು. "ನೋಡಿ. ಮೂರು ವರ್ಷ. ಒಂದು ಶುಕ್ರವಾರ ತಪ್ಪಿಲ್ಲ. ಪ್ರತಿ ವಾರ ಮದ್ದು ಹಾಕಿ ತೊಳೆದ ತೊಟ್ಟೀಲಿ ಏನು ಬದುಕುತ್ತೆ? ನಮ್ಮ ಪಂಪಮ್ಮ ಗಡಿಯಾರ ಇದ್ದ ಹಾಗೆ ಕಣ್ರೀ."

ಎಲ್ಲರೂ ನನ್ನ ಕಡೆ ನೋಡಿದ್ರು. ಮೆಚ್ಚುಗೆಯಿಂದ. ಅದನ್ನ ತಡ್ಕೊಳೋಕಾಗಲಿಲ್ಲ.

"ತೊಳೆದಿಲ್ಲ ಸರ್."

"ಏನು?"

"ಟಿಕ್ ಹಾಕಿದೀನಿ. ತೊಳೆದಿಲ್ಲ. ಮೊದಮೊದಲು ತೊಳೀತಿದ್ದೆ. ಶುಕ್ರವಾರ ಸಂಜೆನೂ ಕೇಸ್ ಹಾಕೋಕೆ ಶುರು ಮಾಡಿದ ಮೇಲೆ... ತಿಂಗಳಿಗೊಂದು ಸಲ. ಆಮೇಲೆ ಅದೂ ಇಲ್ಲ. ನಲ್ಲಿ ನೀರೂ ಹಾಕಿದೀನಿ."

ಫೈಲ್ ಮುಚ್ಚಿದ ಸದ್ದು. ಯಾರೋ ಕುರ್ಚಿ ಎಳೆದ್ರು. ದೊಡ್ಡ ಸರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು, ಮತ್ತೆ ಹಾಕ್ಕೊಂಡರು. ಬಾಯಿಗೆ ಬಂದ ಹಾಗೆ ಬೈತಾರೆ ಅಂದ್ಕೊಂಡಿದ್ದೆ. "ನಿಮ್ಮ ಅಕ್ಕನ್ನ ನಾನೇ ಅಲ್ವಾ ಮಾಡಿದ್ದು?" ಅಂದ್ರು.

ಹೌದು ಸರ್.

ಥಿಯೇಟರ್ ಮುಚ್ಚಿತು. ನನ್ನನ್ನ ಕೆಲಸದಿಂದ ದೂರ ಇಟ್ಟಿದಾರೆ, ವಿಚಾರಣೆ ಮುಗಿಯೋವರೆಗೆ.

30 ಮಾರ್ಚ್, ಗುರುವಾರ

ಅಕ್ಕನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಬಾಟಲು ಬೆಳೆಯೋಕೆ ವಾರಗಳು, ಕಣ್ಣಿಗೆ ಹತ್ತು ನಿಮಿಷ ಅಂತ ಮೇಡಂ ಹೇಳಿದ್ರು. ಅಕ್ಕನಿಗೆ ಮಾಮೂಲು ಚೆಕಪ್ ಅಂದಿದ್ದೆ. ಡಾಕ್ಟರ್ ದೀಪ ಬಿಟ್ಟು ನೋಡಿದ್ರು. ಬಲಗಣ್ಣು, ಎಡಗಣ್ಣು, ಮತ್ತೆ ಬಲಗಣ್ಣು.

ಚುಕ್ಕೆ ಇದೆ. ಎರಡರಲ್ಲೂ.

ನಾಳೆ ರಕ್ತ ತೆಗೀತಾರೆ.

2 ಏಪ್ರಿಲ್, ಭಾನುವಾರ

ಹೇಳಿದೆ. ಭಾವನೂ ಇದ್ರು. ಬಡಗಿ, ಕ್ರಿಮಿ, ನೀರು, ಫ್ಯಾನು — ಎಲ್ಲಾ. ಅಕ್ಕ ಮಧ್ಯೆ ಬಾಯಿ ಹಾಕಲಿಲ್ಲ. ಹುಟ್ಟಿದಾಗಿಂದ ನನ್ನ ಮಾತಿಗೆ ಮಧ್ಯೆ ಬಾಯಿ ಹಾಕಿದವಳು.

ಕೊನೆಗೆ ಕೇಳಿದ್ಲು. "ನನ್ನ ಆಪರೇಷನ್ ಆದ ವಾರ ಟಿಕ್ ಇತ್ತಾ?"

"ಇತ್ತು."

"ತೊಳೆದಿದ್ಯಾ?"

"ಇಲ್ಲ."

"ನಾನು ಬರ್ತೀನಿ ಅಂತ ಗೊತ್ತಿದ್ದೂ?"

ಗೊತ್ತಿತ್ತು. ಆ ವಾರ ಅವಳಿಗೆ ರೂಮು ಕೊಡಿಸೋಕೆ ಓಡಾಡಿದ್ದೆ, ಕಿಟಕಿ ಇರೋ ರೂಮು. ತೊಟ್ಟಿ ನೆನಪಿಗೇ ಬರಲಿಲ್ಲ.

ಭಾವ ಎದ್ದು ಹೊರಗೆ ಹೋದ್ರು. ಕಾರಿನ ಬಾಗಿಲು ತೆಗೆದು ಒಳಗೆ ಕೂತಿದ್ದು ಕಿಟಕಿಯಿಂದ ಕಾಣ್ತಿತ್ತು. ಸ್ಟಾರ್ಟ್ ಮಾಡಲಿಲ್ಲ.

"ಎದ್ದು ಹೋಗು," ಅಕ್ಕ ಅಂದ್ಲು. ಜೋರಾಗಿ ಅಲ್ಲ. "ನಾಳೆ ಬಾ. ಇವತ್ತು ನಿನ್ನ ಮುಖ ನೋಡೋಕಾಗಲ್ಲ."

3 ಏಪ್ರಿಲ್

ಹೋದೆ. ಬಾಗಿಲು ತೆಗೆದ್ಲು. ಮಾತ್ರೆ ಪಟ್ಟಿ ಓದಿ ಹೇಳು ಅಂದ್ಲು. ನಾಲ್ಕು ಥರ, ಜೊತೆಗೆ ಇಂಜೆಕ್ಷನ್. ಬಾಟಲಿಗೆ ಕಾಯೋದು ಬೇಡ, ಇವತ್ತಿಂದಲೇ ಶುರು ಅಂದಿದಾರೆ ಮೇಡಂ. ಓದಿದೆ.

11 ಏಪ್ರಿಲ್, ಮಂಗಳವಾರ

ಬಡಗಿ ಹೋದ್ರು. ಬೆಳಿಗ್ಗೆ ಒಂಬತ್ತಕ್ಕೆ. ಎರಡನೇ ಆಪರೇಷನ್‌ಗೆ ದಿನ ಗೊತ್ತಾಗಿತ್ತು, ಮೈ ತಡೀಲಿಲ್ಲ. ಲ್ಯಾಬ್ ಮೇಡಂ ಫೋನ್ ಮಾಡಿ ಹೇಳಿದ್ರು. ರೋಗಕ್ಕೆ ಹೆಸರು ಸಿಕ್ಕಿತ್ತು, ಮದ್ದು ಸಿಕ್ಕಿತ್ತು, ಹೊತ್ತು ಸಿಗಲಿಲ್ಲ ಅಂದ್ರು. ಅವರು ಅತ್ತಿದ್ದು ಫೋನಲ್ಲೇ ಗೊತ್ತಾಯ್ತು.

ಮನೆಗೆ ಹೋಗಿದ್ದೆ. ರಸ್ತೆ ತುದಿವರೆಗೆ. ಅವರ ವರ್ಕ್‌ಶಾಪ್ ಬಾಗಿಲಲ್ಲಿ ಜನ. ಹಲಗೆಗಳನ್ನ ಗೋಡೆಗೆ ಒರಗಿಸಿ ಕೂರೋಕೆ ಜಾಗ ಮಾಡ್ತಿದ್ರು. ಹೆಂಡತಿ ಕಾಣಲಿಲ್ಲ. ಕಂಡಿದ್ರೆ ಏನು ಹೇಳ್ತಿದ್ದೆ? ವಾಪಸ್ ಬಂದೆ.

26 ಏಪ್ರಿಲ್, ಬುಧವಾರ

ಅಕ್ಕನ ಬಾಟಲು ಬೆಳೀತು. ಇಪ್ಪತ್ತಾರನೇ ದಿನ. ಅದೇ.

ವಾಲ್ವ್ ಸೋರೋಕೆ ಶುರುವಾಗಿದೆ. ಮಾತ್ರೆ ಒಂದರಿಂದ ಆಗಲ್ಲ, ಹಳೇ ವಾಲ್ವ್ ತೆಗೀಬೇಕು. ಬೇರೆ ಆಸ್ಪತ್ರೇಲಿ. ಬದುಕೋದು ಅರ್ಧಕ್ಕರ್ಧ ಅಂದ್ರು ಅಲ್ಲಿನ ಸರ್ಜನ್. ಅಕ್ಕ ಅವರನ್ನ ಕೇಳಿದ್ಲು, "ಯಾವ ಅರ್ಧ, ಮೊದಲನೇದಾ ಎರಡನೇದಾ?" ಪಾಪ, ಅವರಿಗೆ ತಮಾಷೆ ಅಂತ ಗೊತ್ತಾಗಲಿಲ್ಲ.

ನನ್ನ ಕಡೆ ನೋಡಿ ನಕ್ಕಳು ಅನ್ನಿಸ್ತು. ಇರಲಿಕ್ಕಿಲ್ಲ.

9 ಮೇ, ಮಂಗಳವಾರ. ಸಂಜೆ 5

ಏಳು ಗಂಟೆ ಹೊತ್ತು ಕಾರಿಡಾರಲ್ಲಿ. ಭಾವ ಒಂದು ಬೆಂಚು, ನಾನು ಇನ್ನೊಂದು. ಇಷ್ಟು ವರ್ಷ ಬಾಗಿಲ ಆ ಕಡೆ ಇದ್ದೆ. ಈ ಕಡೆ ಹೀಗಿರುತ್ತೆ ಅಂತ ಗೊತ್ತಿರಲಿಲ್ಲ.

ಮುಗೀತು. ಬದುಕಿದಾಳೆ. ಭಾವ ಬಂದು ನನ್ನ ಬೆಂಚಲ್ಲಿ ಕೂತ್ರು.

17 ಮೇ, ಬುಧವಾರ

ಅಕ್ಕ ವಾರ್ಡಿಗೆ ಬಂದ್ಲು. ಜ್ವರ ಇಳಿದಿದೆ. ಮಾತ್ರೆ ಒಂದು ವರ್ಷ, ಜಾಸ್ತಿನೂ ಆಗಬಹುದು. ಪೂರ್ತಿ ಹೋಗಿದೆ ಅಂತ ಯಾರೂ ಹೇಳ್ತಿಲ್ಲ. ಎಡಗಣ್ಣಲ್ಲಿ ಓದೋಕೆ ಕಷ್ಟ. "ಇನ್ನು ಲೈಸೆನ್ಸ್ ಕೊಡಲ್ಲ" ಅಂದ್ಲು. ಗೋಡೆ ಕಡೆ ತಿರುಗಿ ಮಲಗಿದ್ಲು. ಸ್ವಲ್ಪ ಹೊತ್ತಾದ ಮೇಲೆ ಆ ಕಡೆಯಿಂದಲೇ: "ಕಾಲು ಒತ್ತು. ಜೋಮು ಹಿಡಿದಿದೆ."

ಒತ್ತಿದೆ.

ಆಸ್ಪತ್ರೆಯಿಂದ ಕರೆ. ತೊಟ್ಟೀದು, ಫ್ಯಾನ್ ಮುಂದೆ ಹಿಡಿದಿದ್ದು — ಎರಡೂ ಪ್ಲೇಟಲ್ಲಿ ಬೆಳೆದಿದೆ. ಅದೇ ಕ್ರಿಮಿ. ಈಗ ಪೇಷಂಟುಗಳನ್ನ ಕರೆಸಲೇಬೇಕು. ಆ ಯಂತ್ರದಲ್ಲಿ ಯಾರು ಯಾರು ಅನ್ನೋದು ನನ್ನ ಪಂಪ್ ಪುಸ್ತಕದಲ್ಲಿ ಮಾತ್ರ ಇದೆ. ನೀವೇ ಕೂತು ಫೋನ್ ಮಾಡಿ ಅಂದ್ರು ಮೇಡಂ.

22 ಮೇ, ಸೋಮವಾರ

ರೆಕಾರ್ಡ್ ರೂಮು. ಒಂದು ಟೇಬಲ್, ಒಂದು ಫೋನ್. ಮೊದಲು ವಾಲ್ವ್ ಹಾಕಿಸಿಕೊಂಡವರು, ಇನ್ನೂರ ಹದಿಮೂರು ಹೆಸರು.

ವಕೀಲರು ಒಂದು ಕಾಗದ ಕೊಟ್ಟಿದಾರೆ. ಅದರಲ್ಲಿದ್ದಷ್ಟೇ ಓದಬೇಕು. "ಆಸ್ಪತ್ರೆಯಿಂದ ಮಾತಾಡ್ತಿದೀವಿ. ಹೃದಯದ ಆಪರೇಷನ್ ಆದವರಿಗೆ ಮಾಮೂಲು ತಪಾಸಣೆ ಇಟ್ಟುಕೊಂಡಿದೀವಿ." ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನೀರು ಅನ್ನೋ ಪದ ಎಲ್ಲೂ ಇಲ್ಲ.

ಇವತ್ತು ಮೂವತ್ತೊಂದು ಕರೆ. ತುಂಬ ಜನ ಚೆನ್ನಾಗಿದಾರೆ. ಒಬ್ಬರು ನನ್ನ ದನಿ ಗುರುತು ಹಿಡಿದು ಮಗಳ ಮದುವೆಗೆ ಕರೆದ್ರು. ಇಬ್ಬರಿಗೆ ಸಂಜೆ ಜ್ವರ. ತೂಕ ಇಳಿದಿದೆ, ಡಾಕ್ಟರ್ ಒಳ್ಳೇದು ಅಂದ್ರು ಅಂತಾರೆ. ನಾಳೆನೇ ಬನ್ನಿ ಅಂದೆ. ಮಾಮೂಲು ತಪಾಸಣೆಗೆ ಇಷ್ಟು ಅರ್ಜೆಂಟಾ ಅಂತ ಒಬ್ಬರು ನಕ್ಕರು.

24 ಮೇ, ಬುಧವಾರ. ಬೆಳಿಗ್ಗೆ 11.40

ಎಂಬತ್ತಾರನೇ ಹೆಸರು. ಮೂವತ್ತೆಂಟು ವಯಸ್ಸು, ಅಂಚೆ ಕಚೇರಿ ಕೆಲಸ. ಪಂಪ್ ಮೇಲೆ ಒಂದು ಗಂಟೆ ನಲವತ್ತು. ಫೋನ್ ಎತ್ತಿದ್ದು ಅವರ ತಾಯಿ.

ಕಾಗದ ಓದಿದೆ.

"ಅವನು ಹೋಗಿ ಹತ್ತು ತಿಂಗಳಾಯ್ತಲ್ಲಮ್ಮ. ನಿಮಗೆ ಹೇಳಲಿಲ್ವಾ ಯಾರೂ?"

ಹೇಳಿರಲಿಲ್ಲ. ಏನಾಗಿತ್ತು ಅಂದೆ.

"ಜ್ವರ. ಬರೋದು, ಹೋಗೋದು. ಕಡ್ಡಿ ಆಗಿಬಿಟ್ಟ. ಕೊನೇಲಿ ಕಣ್ಣೂ ಕಾಣಿಸ್ತಿರಲಿಲ್ಲ. ಎಷ್ಟು ಡಾಕ್ಟರಿಗೆ ತೋರಿಸಿದ್ವಿ, ಯಾವ ಜ್ವರ ಅಂತ ಒಬ್ಬರೂ ಹೇಳಲಿಲ್ಲ. ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಸೊಸೆ ಮಾತು ಬಿಟ್ಟಿದಾಳೆ. ನನಗೂ ಹಾಗೇ ಅನ್ನಿಸುತ್ತೆ. ಏನು ತಪ್ಪು ಮಾಡಿದೆನೋ..." ಉಸಿರು ಎಳ್ಕೊಂಡ್ರು. "ಅಲ್ಲಮ್ಮ, ನಿಂಗ್ಯಾಕೆ ಇದೆಲ್ಲ? ಯಾಕೆ ಕೇಳ್ತಿದೀಯ ಈಗ?"

ವಕೀಲರ ಕಾಗದ ಮಗುಚಿ ಇಟ್ಟೆ. ನೀವೇನೂ ತಪ್ಪು ಮಾಡಿಲ್ಲಮ್ಮ ಅಂದೆ. ಒಂದು ನಿಮಿಷ, ಕಾಗದ ಪೆನ್ನು ತಗೊಂಡು ಬನ್ನಿ, ನನ್ನ ಹೆಸರು ಬರ್ಕೊಳ್ಳಿ, ಆಮೇಲೆ ಹೇಳ್ತೀನಿ ಅಂದೆ. ಹುಡುಕೋಕೆ ಹೋಗಿದಾರೆ. ಫೋನ್ ಕೆಳಗಿಟ್ಟ ಸದ್ದು ಕೇಳಿಸ್ತು. ಒಳಗೆ ಡ್ರಾಯರ್ ಎಳೀತಿದಾರೆ. ಅಷ್ಟರೊಳಗೆ ಇದನ್ನ ಬರೀತಿದೀನಿ. ಹೆಜ್ಜೆ ಸದ್ದು. ಬಂದ್ರು